ಗಾಲ್ಫ್ ಖರ್ಚು ಕೈ ಮೀರುತ್ತಿದೆ, ಈ ಕಡೆಯವರು ಹೇಗೆ ನಿಭಾಯಿಸ್ತೀರಿ?

ಪ್ರಶ್ನೆ (ಕಲಬುರಗಿ):
ಬೆಂಗಳೂರಲ್ಲಿ ಕೆಲಸಕ್ಕಿದ್ದಾಗ ಹತ್ತಿದ ಹುಚ್ಚು ಇದು. ಈಗ ಊರಿಗೆ ಬಂದು ನೆಲೆಸಿದ್ದೇನೆ. ಆಡಬೇಕು ಅಂದ್ರೆ ಹೈದರಾಬಾದ್, ಗೋಲ್ಕೊಂಡ ಕೋಟೆ ಕಡೆ ಹೋಗಬೇಕು, ಬರೀ ಹೋಗೋದಕ್ಕೇ 200 ಕಿ.ಮೀ. ಮೇಲಾಗುತ್ತೆ. ಡೀಸೆಲ್, ಟೋಲ್, ಗೆಸ್ಟ್ ಫೀ, ಕ್ಯಾಡಿ (ಬ್ಯಾಗ್ ಹೊರೋ ಆಳು), ಊಟ ಎಲ್ಲ ಸೇರಿಸಿದರೆ ಮನೆಯಲ್ಲಿ ಲೆಕ್ಕ ಹೇಳೋಕೆ ಆಗಲ್ಲ. ಕೊರೊನಾ ಆದ ಮೇಲೆ ಆಡೋರು ಜಾಸ್ತಿಯಾದರು, ದರವೂ ಏರಿತು, ಶನಿವಾರ ಭಾನುವಾರವಂತೂ ಕೇಳಲೇಬೇಡಿ. ಸಾಲದ್ದಕ್ಕೆ ನನ್ನ ಡ್ರೈವರ್, ಅಂದ್ರೆ ದೂರ ಹೊಡೆಯೋ ಉದ್ದನೆ ಕ್ಲಬ್ (ಗಾಲ್ಫ್ ಕೋಲು), ಅದರ ತಲೆ ಅಲುಗಾಡ್ತಿದೆ. ಹೊಸ ಕ್ಲಬ್ ಸೆಟ್ ತಗೊಳ್ಳಲಾ, ಇಲ್ಲಾ ಆಟಾನೇ ಬಿಡಲಾ?

ಉತ್ತರ 1 (ಬೀದರ್):
ಸರ್, ಬೇಸಿಗೆ ಪೂರ್ತಿ ಸೆಟ್ ಕಾರಿನ ಡಿಕ್ಕಿಯಲ್ಲೇ ಇತ್ತಾ? ನಮ್ಮ ಬಿಸಿಲಿಗೆ ಒಳಗಿನ ಎಪಾಕ್ಸಿ ಅಂಟು ಮೆತ್ತಗಾಗಿ ತಲೆ ಸಡಿಲ ಆಗುತ್ತೆ. ಅದಕ್ಕೆ ಹೊಸ ಡ್ರೈವರ್ ಬೇಡ. ಕ್ಲಬ್ ರಿಪೇರಿ ಮಾಡೋರ ಹತ್ತಿರ ಕೊಟ್ಟರೆ ಬಿಚ್ಚಿ, ಹಳೇ ಅಂಟು ಕೆರೆದು ಮತ್ತೆ ಕೂರಿಸ್ತಾರೆ. ನೀವೇ ಫೆವಿಕ್ವಿಕ್ ಹಾಕಿ ಬೀಸಬೇಡಿ ಮಾತ್ರ, ತಲೆ ಹಾರಿ ಯಾರಿಗಾದ್ರೂ ಬಡಿದೀತು. ಹಿಡಿಕೆಯ ಗ್ರಿಪ್ ಗಟ್ಟಿಯಾಗಿ ಜಾರ್ತಿದ್ರೆ ಗ್ರಿಪ್ ಅಷ್ಟೇ ಬದಲಾಯಿಸಿ.

ಸೆಟ್ ವಿಷಯ: ನಿಯಮದಲ್ಲಿ 14 ಕ್ಲಬ್ ಮೀರಬಾರದು ಅಂತಿದೆ, ಇಷ್ಟಾದರೂ ಇರಲೇಬೇಕು ಅಂತ ಎಲ್ಲೂ ಇಲ್ಲ. ನಾನು ಏಳರಲ್ಲೇ ಆಡ್ತೇನೆ, ಅದೂ ಸೆಕೆಂಡ್ ಹ್ಯಾಂಡ್. ಚೆಂಡೂ ಅಷ್ಟೇ, ಮೈದಾನದ ಕೊಳಕ್ಕೆ ಬಿದ್ದು ನೀರಿಂದ ಎತ್ತಿದ್ದನ್ನೇ ತಗೊಳ್ತೇನೆ. ನಮ್ಮ ಆಟಕ್ಕೆ ದುಬಾರಿ ಚೆಂಡು ಯಾಕ್ರೀ, ಎರಡನೇ ಹೊಡೆತಕ್ಕೇ ಪೊದೆ ಸೇರುತ್ತೆ.

ಉತ್ತರ 2 (ಯಾದಗಿರಿ):
ಬೇಜಾರಾಗಬೇಡಿ, ಏಪ್ರಿಲ್‌ನಲ್ಲಿ ಓಣಿಗೆ ಟ್ಯಾಂಕರ್ ಬರೋದನ್ನ ಕಾಯೋ ಜನ ನಾವು. ಗ್ರೀನ್, ಅಂದ್ರೆ ಚೆಂಡು ಹಾಕೋ ಕುಳಿಯ ಸುತ್ತಲಿನ ನುಣುಪು ನೆಲ, ಅದರ ಮೇಲಿನ ಹುಲ್ಲನ್ನ ಮೂರ್ನಾಲ್ಕು ಮಿಲಿಮೀಟರಿಗೆ ಕತ್ತರಿಸಿ, ಬಿಸಿಲಲ್ಲಿ ಸಾಯದಂಗೆ ನೀರು ಬಿಡ್ತಾನೇ ಇರಬೇಕು. ನೀರು, ಮಷೀನು, ಆಳು ಎಲ್ಲದರ ಖರ್ಚು ಕೊನೆಗೆ ಆಡೋರ ಮೇಲೇ ಬೀಳೋದು. ಅಗ್ಗ ಆಗೋದು ಹೇಗೆ ಹೇಳಿ?

ಉತ್ತರ 3 (ಕಲಬುರಗಿ):
ಯಾದಗಿರಿ ಅಣ್ಣ ಹೇಳಿದ್ದು ಖರೆ. ಆದರೆ ಗ್ರೀನ್ ಅಂದ್ರೆ ಹುಲ್ಲೇ ಆಗಬೇಕಿಲ್ಲ. ನಮ್ಮ ದೇಶದಲ್ಲೇ ನೀರಿಲ್ಲದ ಕಡೆ 'ಬ್ರೌನ್ಸ್' ಇದ್ದವು: ಮರಳಿಗೆ ಎಣ್ಣೆ ಬೆರೆಸಿ ಹದ ಮಾಡಿದ ನೆಲ, ಪಟ್ ಮಾಡಿದ (ಚೆಂಡನ್ನ ಕುಳಿ ಕಡೆ ಮೆಲ್ಲಗೆ ಉರುಳಿಸಿದ) ಮೇಲೆ ಹೆಜ್ಜೆ ಗುರುತನ್ನ ಎಳೆದು ಸಪಾಟು ಮಾಡೋದು. ಒಣಭೂಮಿಯಲ್ಲಿ 9 ಹೋಲ್ (ಕುಳಿ) ಅಂಥದ್ದು ಮಾಡಿದರೆ ನಮ್ಮಂಥವರಿಗೆ ಸಾಕಲ್ವಾ? ಹುಲ್ಲುಗಾವಲು, ಕ್ಲಬ್ ಹೌಸ್, ಎಸಿ ಬಾರ್ ಅಂತ ಹೊರಟರೆ ಮುಗೀತು, ಮತ್ತೆ ಸಾಹುಕಾರರ ಆಟಾನೇ.

ಪ್ರಶ್ನೆ ಕೇಳಿದವರು:
ಡಿಕ್ಕಿಯಲ್ಲೇ ಇತ್ತು ಸರ್, ಮಾರ್ಚ್‌ನಿಂದ! ರಿಪೇರಿಗೇ ಕೊಡ್ತೇನೆ. ಬ್ರೌನ್ಸ್‌ಗೆ ಜಾಗ ಕೊಡೋರು ಯಾರು ಅನ್ನೋದು ಬೇರೆ ಮಾತು. ಬೀದರ್ ಸರ್, ವಾರದ ದಿನ ದರ ಕಡಿಮೆ ಇರುತ್ತೆ, ಒಂದೇ ಕಾರಲ್ಲಿ ಹೋಗೋಣವಾ?

ಉತ್ತರ 1:
ಮಂಗಳವಾರ ಆಗುತ್ತೆ. ನೀವು ಹುಮನಾಬಾದ್ ಮೇಲೆ ಬನ್ನಿ, ನಾನು ಜಹೀರಾಬಾದ್‌ನಲ್ಲಿ ಹತ್ತಿಕೊಳ್ತೇನೆ. ಡೀಸೆಲ್ ಅರ್ಧರ್ಧ. ಊಟ ಮನೆಯಿಂದಲೇ ಕಟ್ಟಿಸಿಕೊಂಡು ಬರ್ತೇನೆ.