ರಬ್ಬರ್ ‘ಲಡ್ಡಾಗುತ್ತದೆ’ ಅನ್ನಬಹುದೇ?

ಗೆಳೆಯರೇ,

ರಬ್ಬರ್ ಹಳತಾಗಿ ಕೆಡುವುದನ್ನು ಹೇಳುವ ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ಬಿಡಿಸಿ. ಮುಳುಗುಗಾರರು ಹಿಂದೆ ತೊಡುತ್ತಿದ್ದ ಮಾದರಿಯ, ಒಳಗೆ ನೀರು ಬಿಡದ ರಬ್ಬರ್ ಡ್ರೈಸೂಟ್ ಒಂದು ನನ್ನ ಬಳಿ ಇದೆ. ಅಂಗಿ ಬೇರೆ, ಪ್ಯಾಂಟು ಬೇರೆ. ಸೊಂಟದ ಹತ್ತಿರ ಎರಡರ ಅಂಚನ್ನೂ ಒಂದರ ಮೇಲೊಂದು ಇಟ್ಟು ಸುರುಳಿ ಸುತ್ತಿ, ಮೇಲೆ ಅಗಲವಾದ ರಬ್ಬರ್ ಪಟ್ಟಿ ಬಿಗಿಯಬೇಕು. ಇದನ್ನು ಜೋಪಾನ ಮಾಡುವ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯೋಣ ಅಂತ ಕೂತೆ. ಎರಡನೇ ಪುಟದಲ್ಲೇ ಪೆನ್ನು ನಿಂತಿತು.

ಹೆಸರಿನ ತಕರಾರು ಸಣ್ಣದು. ‘ಒಣ ಉಡುಪು’ ಅಂದರೆ ಹಗ್ಗದ ಮೇಲಿಂದ ಈಗಷ್ಟೇ ತೆಗೆದ ಬಟ್ಟೆ ಅನ್ನಿಸುತ್ತದೆ. ಇಲ್ಲಿ ಒಣಗಿರಬೇಕಾದದ್ದು ಮೈ, ಅಲ್ವಾ? ಅದೂ ಅರ್ಧ ನಿಜ. ರಬ್ಬರ್ ದಾಟಿ ಬೆವರು ಆಚೆ ಹೋಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯವರು ತೊಟ್ಟ ಸ್ಲೇಡನ್ ಸೂಟಿಗೆ ‘ಜಿಗುಟು ಸಾವು’ ಅನ್ನುವ ಅರ್ಥದ ಅಡ್ಡಹೆಸರೇ ಇತ್ತು! ಡ್ರೈಸೂಟ್ ಅಂತಲೇ ಉಳಿಸಿಕೊಂಡೆ.

ಕತ್ತಿಗೂ ಮಣಿಕಟ್ಟಿಗೂ ಬಿಗಿಯಾಗಿ ಕೂತು ನೀರು ತಡೆಯುವ ಅಂಚು, ಅಂದರೆ ‘ಸೀಲ್’, ಇನ್ನೂ ತಮಾಷೆ. ನಿಘಂಟು ‘ಮುದ್ರೆ’ ಅನ್ನುತ್ತದೆ. ‘ಕತ್ತಿನ ಮುದ್ರೆಯನ್ನು ಕತ್ತರಿಸಿ’ ಅಂತ ಬರೆದು ನಾನೇ ನಕ್ಕೆ. ‘ಕೊರಳಪಟ್ಟಿ’ ಅಂದರೆ ಷರಟಿನ ಕಾಲರ್ ಆಗುತ್ತದೆ. ಕೊನೆಗೆ ‘ಕತ್ತಿನ ಬಿಗಿಪಟ್ಟಿ’ ಅಂದೆ. ಜಾಸ್ತಿ ಬಿಗಿಯಾದರೆ ಕತ್ತಿನ ರಕ್ತನಾಳ ಒತ್ತಿ ತಲೆ ಸುತ್ತುತ್ತದೆ, ಹಾಗಾಗಿ ಒಂದೊಂದೇ ಸುತ್ತು ಕತ್ತರಿಸುತ್ತಾ ಹೋಗಬೇಕು. ಅಂಚಿನಲ್ಲಿ ಒಂದು ಕಚ್ಚು ಉಳಿದರೂ ಸೀಳು ಅಲ್ಲಿಂದಲೇ ಶುರು. ಈ ‘ಕಚ್ಚು’ ಮಾತ್ರ ಹುಡುಕದೇ ಸಿಕ್ಕ ಪದ.

ರಿಪೇರಿಗೂ ನಮ್ಮ ಮಾತು ಧಾರಾಳವಾಗಿದೆ. ತೂತಿಗೆ ತೇಪೆ. ಉಪ್ಪುಕಾಗದದಲ್ಲಿ ಉಜ್ಜಿ, ಎರಡೂ ಕಡೆ ಸಲ್ಯೂಷನ್ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು, ಥೇಟ್ ಸೈಕಲ್ ಟ್ಯೂಬಿನ ಹಾಗೆ. ಹಳೇ ಬಿಗಿಪಟ್ಟಿ ಕತ್ತರಿಸಿ ತೆಗೆದು, ಅದೇ ತೋಳಿಗೆ ಹೊಸದನ್ನು ಕೂಡಿಸುವುದನ್ನು ತೇಪೆ ಅನ್ನೋಕೆ ಮನಸ್ಸು ಬರಲಿಲ್ಲ. ‘ಕಸಿ’ ಅಂದಿದ್ದೇನೆ. ಗಿಡದವರು ಬೈಯಬೇಡಿ.

ನಿಜವಾದ ಗೋಳು ಇದು. ರಬ್ಬರಿಗೆ ವಯಸ್ಸಾಗಿ ಕೆಡುವುದಕ್ಕೆ ಏನನ್ನೋಣ? ಇಂಗ್ಲಿಷಿನವರು ‘ಪೆರಿಶ್’ ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಆದರೆ ಕೆಡುವ ಬಗೆ ಒಂದೇ ಅಲ್ಲ. ನನ್ನ ಸೂಟಿನ ಎಡ ಮಣಿಕಟ್ಟು ಅಂಟಂಟಾಗಿದೆ, ಹೆಬ್ಬೆರಳು ಒತ್ತಿದರೆ ಗುರುತು ಹಾಗೇ ಉಳಿಯುತ್ತದೆ. ಕತ್ತಿನ ಭಾಗ ಸೆಟೆದುಕೊಂಡಿದೆ. ನೋಡಲು ಚೆನ್ನಾಗೇ ಇದೆ, ಬೆಳಕಿಗೆ ಹಿಡಿದು ಎಳೆದರೆ ಮಾತ್ರ ಎಳೆದ ದಿಕ್ಕಿಗೆ ಅಡ್ಡಲಾಗಿ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಡುತ್ತವೆ.

‘ಹಳಸು’ ಅಡುಗೆಯ ಮಾತು. ‘ಪಿಸಿ’ ಬಟ್ಟೆಗೆ ಸರಿ, ಅಲ್ಲಿ ಎಳೆ ಬಿಡುತ್ತದೆ. ರಬ್ಬರಿನಲ್ಲಿ ಎಳೆಯೇ ಇಲ್ಲ. ‘ಜೀರ್ಣವಾಗಿದೆ’ ಅಂದರೆ ಯಾರೋ ತಿಂದು ಅರಗಿಸಿಕೊಂಡ ಹಾಗೆ ಕೇಳುತ್ತದೆ. ‘ಕಸುವು ಹೋಗಿದೆ’ ಚೆನ್ನಾಗಿದೆ, ಆದರೆ ಮಣ್ಣಿನಿಂದ ಹೋದ ಕಸುವು ಗೊಬ್ಬರ ಹಾಕಿದರೆ ವಾಪಸ್ ಬರುತ್ತದೆ. ರಬ್ಬರಿಗೆ ಆ ಭಾಗ್ಯವಿಲ್ಲ.

ನನ್ನ ಒಲವು ‘ಲಡ್ಡಾಗು’ ಕಡೆಗೆ. ಒಳಗೇ ಕೊಳೆತು ಲಡ್ಡು ಹಿಡಿದ ತೊಲೆ ಹೊರಗಿನಿಂದ ಗಟ್ಟಿಯಾಗೇ ಕಾಣುತ್ತದೆ, ಒತ್ತಿದಾಗಲೇ ಬಣ್ಣ ಬಯಲು. ನನ್ನ ಸೂಟಿನ ಕತ್ತೂ ಹಾಗೇ. ಒಂದೇ ಅನುಮಾನ: ಮರ ಲಡ್ಡಾಗುವುದು ತೇವಕ್ಕೆ. ಈ ರಬ್ಬರಿಗೆ ಬರಿ ನೀರು ಅಂಥಾ ಶತ್ರುವಲ್ಲ. ಬಿಸಿಲು, ಎಣ್ಣೆ, ತಾಮ್ರದ ಸೋಕು, ಮೋಟಾರಿನ ಕಿಡಿಯಿಂದ ಹುಟ್ಟುವ ಓಝೋನ್, ಇವು ಶತ್ರುಗಳು. ಅದಕ್ಕೇ ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಆರಿಸಿ, ವಾಸನೆಯಿಲ್ಲದ ಟಾಲ್ಕ್ ಪುಡಿ ಉದುರಿಸಿ ಕತ್ತಲಲ್ಲಿ ಇಡುವುದು.

ತೇವವಿಲ್ಲದೆ ಕೆಟ್ಟದ್ದಕ್ಕೂ ‘ಲಡ್ಡು’ ಅನ್ನುವುದನ್ನು ನೀವು ಯಾರಾದರೂ ಕೇಳಿದ್ದೀರಾ? ಹಳೇ ಟ್ಯೂಬು, ವಾಷರ್ ಹಿಡಿದು ಕೆಲಸ ಮಾಡುವವರ ಬಾಯಲ್ಲಿ ಬೇರೆ ಮಾತಿದ್ದರೆ ಅದನ್ನೇ ಹಾಕುತ್ತೇನೆ.