ಲುಪ್ತ, ನಂದಿದ, ಆರಿದ: ಉಕ್ಕುವುದು ನಿಂತ ಜ್ವಾಲಾಮುಖಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಏಳನೇ ಕ್ಲಾಸಿನ ಮಕ್ಕಳಿಗೆಂದು ಸ್ಕಾಟ್ಲೆಂಡಿನ ಎಡಿನ್‌ಬರೋ ಊರಿನ ಆರ್ಥರ್ಸ್ ಸೀಟ್ ಬೆಟ್ಟದ ಬಗ್ಗೆ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಲಹೆ ಬೇಕು.

ಇನ್ನೆಂದೂ ಉಕ್ಕದ ಜ್ವಾಲಾಮುಖಿಗೆ ‘ಲುಪ್ತ’, ಸದ್ಯಕ್ಕೆ ಸುಮ್ಮನಿರುವುದಕ್ಕೆ ‘ಸುಪ್ತ’ ಎಂದು ಬರೆಯುವುದುಂಟು. ಒಂದೇ ಅಕ್ಷರದ ವ್ಯತ್ಯಾಸ. ಮಕ್ಕಳು ಅದಲುಬದಲು ಮಾಡಿಬಿಡುತ್ತಾರೆ. ಸಾಲದ್ದಕ್ಕೆ ಲುಪ್ತ ಎಂದರೆ ಇಲ್ಲವಾದದ್ದು. ಈ ಬೆಟ್ಟವೋ 251 ಮೀಟರ್ ಎತ್ತರಕ್ಕೆ ಊರೊಳಗೇ ನಿಂತಿದೆ.

‘ನಂದಿದ’ ಪರವಾಗಿಲ್ಲ. ನನಗೆ ‘ಆರಿದ’ ಜಾಸ್ತಿ ಇಷ್ಟ. ದೀಪ ಆರುತ್ತದೆ, ಕಾಫಿಯೂ ಆರುತ್ತದೆ. ಬೆಂಕಿ ಹೋದದ್ದಕ್ಕೂ ಬಿಸಿ ಇಳಿದದ್ದಕ್ಕೂ ನಮ್ಮಲ್ಲಿ ಒಂದೇ ಮಾತು. ಇಲ್ಲಿ ಆದದ್ದೂ ಎರಡೂ ಅಲ್ವಾ? ಸುಮಾರು 34 ಕೋಟಿ ವರ್ಷಗಳ ಹಿಂದೆ ಉಕ್ಕಿದ ಬೆಂಕಿ ನಿಂತಿತು, ಲಾವಾ ತಣಿದು ಕಲ್ಲಾಯಿತು. ‘ಸುಪ್ತ’ಕ್ಕೆ ಬೂದಿ ಮುಚ್ಚಿದ ಕೆಂಡ ಎಂದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ. ಒಂದೇ ಅಳುಕು. ದೀಪ ‘ಆರಿತು’ ಎನ್ನದೆ ‘ಶಾಂತವಾಯಿತು’ ಎನ್ನುವ ಮನೆಗಳಿವೆ. ನಮ್ಮ ಅಜ್ಜಿಯೂ ಹಾಗೇ ಅನ್ನುತ್ತಿದ್ದರು. ಆದರೆ ‘ಶಾಂತ ಜ್ವಾಲಾಮುಖಿ’ ಎಂದರೆ ಮತ್ತೆ ಸುಪ್ತದ ಅರ್ಥವೇ ಬಂದುಬಿಡುತ್ತದೆ.

ಎರಡನೆಯದು ಇನ್ನೂ ಕಷ್ಟ. ಈ ಬೆಟ್ಟ ಹತ್ತಿದಾಗ ನಾನು ತುದಿಯಲ್ಲಿ ಜ್ವಾಲಾಮುಖಿಯ ಬಾಯಿ ಹುಡುಕಿದ್ದೆ. ಇರಲಿಲ್ಲ. ಮೇಲಿನ ಶಂಕು ಸವೆದುಹೋಗಿ ಎಷ್ಟೋ ಕಾಲವಾಗಿದೆ. ಹಿಮನದಿಗಳು ಪಶ್ಚಿಮದಿಂದ ಪೂರ್ವಕ್ಕೆ ಉಜ್ಜಿಕೊಂಡು ಹೋದಾಗ ಮೆತ್ತನೆಯ ಕಲ್ಲು ಹೋಯಿತು. ಲಾವಾ ಮೇಲೇರಿ ಬರುವ ಕೊಳವೆಯೊಳಗೇ ಗಟ್ಟಿಯಾದ ಕಲ್ಲು ತಡೆದುಕೊಂಡಿತು. ಎಡಿನ್‌ಬರೋ ಕೋಟೆ ಕೂತಿರುವ ಬಂಡೆಯೂ ಅಂಥದ್ದೇ. ಇದಕ್ಕೆ ‘ಬಿರಡೆ’ ಎನ್ನಬಹುದೇ? ಸೀಸೆ ಒಡೆದುಹೋಗಿ ಬಿರಡೆ ಮಾತ್ರ ಉಳಿದ ಹಾಗೆ.

‘ಬೆಣೆ’ ಎಂದರು ಗೆಳೆಯರೊಬ್ಬರು. ನನಗೆ ಒಪ್ಪಿಗೆಯಾಗಲಿಲ್ಲ. ಬೆಣೆ ಸಂದಿಗೆ ಹೊಕ್ಕು ಸೀಳುತ್ತದೆ, ಬಾಯಿ ಮುಚ್ಚುವುದು ಬಿರಡೆ. ಬೆಣೆಯ ಕೆಲಸ ನಡೆದದ್ದು ಅದೇ ಬೆಟ್ಟದ ಮಗ್ಗುಲಲ್ಲಿ, ಸಾಲ್ಸ್‌ಬರಿ ಕ್ರ್ಯಾಗ್ಸ್ ಎಂಬ ಬಂಡೆಸಾಲಿನಲ್ಲಿ. ಅಲ್ಲಿ ಕರಿಕಲ್ಲು ಹಳೆಯ ಪದರಗಲ್ಲುಗಳ ನಡುವೆ ನುಗ್ಗಿದೆ. ಬುಡದಲ್ಲಿ ಒಂದು ಕಡೆ ಆ ಪದರಗಳು ಚಾಪೆಯ ಅಂಚು ಮಡಚಿಕೊಂಡಂತೆ ಮೇಲಕ್ಕೆ ಎದ್ದಿವೆ. ಅಲ್ಲೇ ನಿಂತು ನೋಡಿದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಭೂವಿಜ್ಞಾನಿ ಜೇಮ್ಸ್ ಹಟನ್ (1726–1797) ಅದನ್ನೇ ಸಾಕ್ಷಿಯಾಗಿ ಹಿಡಿದು, ಕರಿಕಲ್ಲು ಕರಗಿದ ರೂಪದಲ್ಲಿ ಆಮೇಲೆ ಒಳನುಗ್ಗಿದ್ದು ಎಂದು ವಾದಿಸಿದರು. ಹಾಗಾಗಿ ಬೆಣೆಯನ್ನು ಅದಕ್ಕೆಂದೇ ತೆಗೆದಿಡೋಣ ಎನ್ನುವುದು ನನ್ನ ಆಸೆ.

ನಿಮ್ಮ ಕಡೆ ಸೀಸೆಯ ಬಾಯಿಗೆ ಒತ್ತುವುದಕ್ಕೆ ಬಿರಡೆ ಅನ್ನುತ್ತೀರಾ, ಬೂಚು ಅನ್ನುತ್ತೀರಾ? ಮನೆಯ ಮಕ್ಕಳನ್ನೂ ಒಮ್ಮೆ ಕೇಳಿ ನೋಡಿ. ಅವರ ಬಾಯಲ್ಲಿ ಎಲ್ಲವೂ ‘ಮುಚ್ಚಳ’ವೇ ಆಗಿದ್ದರೆ ನಾನು ಚಿತ್ರ ಬರೆದು ಬಿರಡೆಯನ್ನು ತೋರಿಸಬೇಕಾಗುತ್ತದೆ.