ಸಹಾಯ ಬೇಕು: ಟರ್ಕಿಯ ಏಳು ಸಭೆಗಳ ಊರು, ಅಮ್ಮನ ಜೊತೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 71 ವರ್ಷ, ಮಂಡಿ ನೋವಿದೆ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಬರುವ ಏಳು ಸಭೆಗಳ (ಆದಿ ಕ್ರೈಸ್ತ ಸಮುದಾಯಗಳ) ಊರುಗಳನ್ನು ನೋಡಬೇಕು ಅಂತ ತುಂಬಾ ವರ್ಷದ ಆಸೆ. ಅಕ್ಟೋಬರಿನಲ್ಲಿ ಹೊರಡೋಣ ಅಂತಿದ್ದೇವೆ.

ಒಬ್ಬ ಏಜೆಂಟ್ ಏಳೂ ಊರನ್ನು ಮೂರೇ ದಿನದಲ್ಲಿ ಮುಗಿಸುತ್ತೇನೆ ಅಂದರು, ಮಧ್ಯೆ ಕಾರ್ಪೆಟ್ ಅಂಗಡಿ, ಚರ್ಮದ ಅಂಗಡಿ ಬೇರೆ! ಏಳರಲ್ಲಿ ಒಂದಾದ ಎಫೆಸಕ್ಕೇ ಅರ್ಧ ದಿನ ಬೇಡವಾ? ಅಲ್ಲಿ ಸೆಲ್ಸಸ್ ಗ್ರಂಥಾಲಯ, ದೊಡ್ಡ ಬಯಲು ರಂಗಮಂದಿರ, ಕ್ರಿ.ಶ. 431ರಲ್ಲಿ ಬಿಷಪರ ಮಹಾಸಭೆ ನಡೆದ ಮರಿಯಮ್ಮನವರ ಚರ್ಚು ಎಲ್ಲಾ ಇದೆ. ಮೇಲಿನ ಗೇಟಿನಿಂದ ಒಳಗೆ ಹೋದರೆ ಇಳಿಜಾರಿನಲ್ಲೇ ನಡೆದು ಕೆಳಗಿನ ಗೇಟಿಗೆ ಬರಬಹುದಂತೆ, ಆದರೆ ಅಮೃತಶಿಲೆಯ ಹಾಸು ಜಾರುತ್ತದಂತೆ. ಅಮ್ಮನಿಗೆ ಕೋಲು ಸಾಕಾ, ವೀಲ್‌ಚೇರ್ ಬೇಕಾ?

ಥುವತೈರ ಈಗಿನ ಅಖಿಸಾರ್ ಊರಿನ ನಡುವೆ ಒಂದು ಸಣ್ಣ ಜಾಗ, ಫಿಲದೆಲ್ಫಿಯದಲ್ಲಿ ಚರ್ಚಿನ ದಪ್ಪ ಕಂಬಗಳಷ್ಟೇ ಉಳಿದಿವೆ. ಅವೆರಡು ಬೇಗ ಆಗುತ್ತವೆ. ಉಳಿದ ಸಮಯವನ್ನು ಲವೊದಿಕೀಯಕ್ಕೆ ಕೊಡುವ ಆಸೆ ನನ್ನದು, ಅಲ್ಲಿ 4ನೇ ಶತಮಾನದ ಚರ್ಚು ಸಿಕ್ಕಿದೆ, ಪಕ್ಕದಲ್ಲೇ ಬಿಳಿ ಸುಣ್ಣದ ಹಂತಗಳ ಪಮುಕ್ಕಲೆ. ಅಲ್ಲಿನ ಹಳೆಯ ಪಟ್ಟಣ ಹೀರಾಪೊಲಿಸಿನಲ್ಲಿ ಸಂತ ಫಿಲಿಪ್ಪನ ಸ್ಮಾರಕಕ್ಕೆ ಗುಡ್ಡ ಹತ್ತಬೇಕು, ಅಮ್ಮನಿಗೆ ಆಗಲ್ಲ, ಸುಮ್ನೆ ಕೆಳಗೆ ಕೂರಿಸಿ ನಾನೊಬ್ಬನೇ ಹೋಗಿಬರುತ್ತೇನೆ.

ಇಜ್ಮೀರಿನಲ್ಲೇ (ಏಳರಲ್ಲಿ ಒಂದಾದ ಹಳೆಯ ಸ್ಮುರ್ನ) ಉಳಿದು ಕಾರು, ಲೈಸೆನ್ಸ್ ಇರುವ ಗೈಡ್ ಇಬ್ಬರನ್ನೂ ಬೇರೆ ಬೇರೆ ಗೊತ್ತು ಮಾಡಿಕೊಂಡವರು ಯಾರಾದರೂ ಇದ್ದೀರಾ? ದಿನಕ್ಕೆ ಎಷ್ಟಾಯಿತು? ಏಳರಲ್ಲಿ ಇನ್ನೊಂದಾದ ಪೆರ್ಗಮದ ಗುಡ್ಡಕ್ಕೆ ಕೇಬಲ್ ಕಾರಿನಲ್ಲಿ ಹೋದವರಿದ್ದರೆ, ಇಳಿದ ಮೇಲೆ ಎಷ್ಟು ಮೆಟ್ಟಿಲು ಅಂತಲೂ ಹೇಳಿ.